ಊತ ಇಳಿಯಬಾರದಿತ್ತು

ಎಲಿಯಾಮಿನಿ ಸೆಂಕೊರೊ ನೀರಿನ ಇಲಾಖೆಯಲ್ಲಿ ಮೀಟರು ನೋಡುವ ಕೆಲಸದಲ್ಲಿದ್ದಾಗ ಮೊರೊಗೊರೊ ಊರಿನಲ್ಲಿ ಅವನಷ್ಟು ಹೆಸರಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನು ಬೀದಿಗೆ ಕಾಲಿಟ್ಟರೆ ಸಾಕು, ಬಾಗಿಲು ಬಾಗಿಲಲ್ಲೂ ತಲೆಗಳು ಕಾಣಿಸುತ್ತಿದ್ದವು. ಕೆಲವರು ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು, ಕೆಲವರು ನಾಯಿ ಬಿಡುತ್ತಿದ್ದರು. ಏನೇ ಆಗಲಿ, ಬಂದವನು ಸೆಂಕೊರೊ ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೆ ಮೊದಲು ಚಹಾ ನಿಂತಿತು, ಆಮೇಲೆ ನಾಯಿಗಳೂ ಬೊಗಳುವುದನ್ನು ಬಿಟ್ಟವು. ಮನುಷ್ಯರು ಮರೆತರೆ ಹೋಗಲಿ, ನಾಯಿಗಳಿಗೂ ಬೇಡವಾದೆನಲ್ಲ ಎಂದು ಅವನು ಹೆಂಡತಿ ನಕಿಯೆತೆಗೆ ಹೇಳಿ ನಗುತ್ತಿದ್ದ. ಕೊನೆಗೆ ನಕಿಯೆತೆಯೂ ತೀರಿಕೊಂಡಳು. ಮಕ್ಕಳಿರಲಿಲ್ಲ. ಹೇಳಿಕೊಂಡು ನಗುವುದಕ್ಕೂ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಒಂಟಿ ಗಂಡಸಿನ ಅಡುಗೆ ಬಹಳ ಸುಲಭ. ಬೆಳಿಗ್ಗೆ ಚಹಾ ಮತ್ತು ಬ್ರೆಡ್ಡು, ಸಂಜೆ ಬದಲಾವಣೆ ಇರಲಿ ಎಂದು ಬ್ರೆಡ್ಡು ಮತ್ತು ಚಹಾ. ಹೀಗೆ ಎರಡು ವರ್ಷ ಉಂಡದ್ದರ ಫಲವಾಗಿ ಸೆಂಕೊರೊನ ಕೆನ್ನೆಗಳು ಒಳಕ್ಕೆ ಹೋಗಿ ಹಲ್ಲಿಗೆ ಅಂಟಿಕೊಂಡವು. ಅರವತ್ತೈದು ದಾಟದವನು ಎಂಬತ್ತರ ಮುದುಕನಂತೆ ಕಾಣತೊಡಗಿದ.

ಇದನ್ನು ಗಮನಿಸಿದವಳು ಇಡೀ ಬೀದಿಯಲ್ಲಿ ಒಬ್ಬಳೇ, ಮೂಲೆ ಅಂಗಡಿಯ ಅನಾಸಿಯಾ. ಅವಳು ಚಗ್ಗಾ ಜನದವಳು, ಅವನು ಪಾರೆ ಜನದವನು. ಆ ಎರಡು ಜನಕ್ಕೂ ಅಜ್ಜಂದಿರ ಕಾಲದಿಂದ ಉತಾನಿ ಇದೆ. ಉತಾನಿ ಇರುವವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹೀಯಾಳಿಸಬಹುದು. ಚಗ್ಗಾದವರು ಎಲ್ಲದರಲ್ಲೂ ವ್ಯಾಪಾರ ನೋಡುವವರು, ಪಾರೆಯವರು ಜಿಪುಣರು ಎಂಬುದೇ ಆ ಬೈಗುಳಗಳ ಬಂಡವಾಳ. ಮದುವೆ ಮನೆಯಲ್ಲಿ ಬೈಯಬಹುದು, ಹೆಣದ ಮುಂದೆ ನಿಂತೂ ಬೈಯಬಹುದು. ಅದನ್ನು ಯಾರೂ ನಿಜವೆಂದು ತಿಳಿಯುವುದಿಲ್ಲ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವಂತಿಲ್ಲ. ಕಟ್ಟಳೆ ಒಂದೇ, ಬೈಸಿಕೊಂಡವನು ಬಾಯಿ ಮುಚ್ಚಿಕೊಂಡು ಕೂರಬಾರದು, ತಿರುಗಿ ಒಂದು ಕೊಡಬೇಕು. ನಕಿಯೆತೆ ಸತ್ತ ದಿನ ಎಲ್ಲರೂ ಅಳುತ್ತಾ ಕೂತಿದ್ದಾಗ ಅನಾಸಿಯಾ ಸತ್ತವಳ ಬಟ್ಟೆಯನ್ನೇ ಸುತ್ತಿಕೊಂಡು, ಅವಳ ಹಾಗೇ ಸೊಂಟಕ್ಕೆ ಕೈಯಿಟ್ಟು, "ಸೆಂಕೊರೊ, ಉಪ್ಪು ತಾ ಅಂದ್ರೆ ಸಮುದ್ರಕ್ಕೇ ಹೋದ್ಯಾ?" ಎಂದು ಕೂಗಿದ್ದಳು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ಸೆಂಕೊರೊ ಕೂಡ ನಕ್ಕ, ಅದಾದ ಮೇಲೇ ಅವನಿಗೆ ಅಳು ಬಂದದ್ದು.

ಕತೆ ಶುರುವಾದದ್ದು ಕುನಂಬಿಯ ಮಗಳ ಮದುವೆಯಿಂದ. ಕುನಂಬಿ ನಮ್ಮ ಹತ್ತು ಮನೆಗಳ ಮುಖಂಡ. ಆ ಹುದ್ದೆಗೆ ಬಾಲೋಜಿ ಎಂದು ಹೆಸರು, ಹಾಗೆಂದರೆ ರಾಯಭಾರಿ. ಬೇರೆ ರಾಯಭಾರಿಗಳು ದೇಶ ದೇಶಗಳ ನಡುವೆ ಓಡಾಡಿದರೆ ಕುನಂಬಿ ಕೋಳಿ ಕಳೆದುಕೊಂಡವರ ಮನೆಗೂ ಕೋಳಿ ಸಾರು ಕುದಿಯುತ್ತಿದ್ದ ಮನೆಗೂ ನಡುವೆ ಓಡಾಡುತ್ತಿದ್ದ. ಗಾಂಭೀರ್ಯದಲ್ಲಿ ಮಾತ್ರ ಯಾವ ದೇಶದ ರಾಯಭಾರಿಗೂ ಅವನು ಕಡಿಮೆಯಿರಲಿಲ್ಲ. ನಮ್ಮಲ್ಲಿ ಮದುವೆ ಎಂದರೆ ಮೊದಲು ಸಮಿತಿ, ಆಮೇಲೆ ಹೆಣ್ಣು ಗಂಡು. ಬೀದಿಯ ಯಾವ ಮದುವೆ ಸಮಿತಿಯಾದರೂ ಸೋಡಾ ಬಾಟಲಿಗಳ ಹೊಣೆ ಸೆಂಕೊರೊನದು ಎಂದು ಹಿಂದಿನಿಂದ ನಡೆದುಕೊಂಡು ಬಂದಿತ್ತು. ಹಾಗಾಗಿ ಅವನು ಕರೆ ಬರುವವರೆಗೆ ಕಾಯದೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಸಮಿತಿಯ ಮೊದಲ ಸಭೆಗೆ ಹೋದ. ಅಲ್ಲಿ ಸೋಡಾ ಆಗಲೇ ಬೇರೆಯವರ ಪಾಲಾಗಿತ್ತು. ಕುನಂಬಿಯ ಅಳಿಯನಾಗುವವನ ಗೆಳೆಯನೊಬ್ಬ ಎದ್ದು ಬಂದು ಬಹಳ ಮರ್ಯಾದೆಯಿಂದ ಹೇಳಿದ.

"ತಾತ, ಈ ವಯಸ್ಸಲ್ಲಿ ನಿಮಗ್ಯಾಕೆ ಓಡಾಟ? ಮದುವೆ ದಿನ ಬಂದು ಆಶೀರ್ವಾದ ಮಾಡಿ, ಅಷ್ಟೇ ಸಾಕು."

ಸೆಂಕೊರೊಗಿಂತ ಎರಡು ತಿಂಗಳು ದೊಡ್ಡವನಾದ ಕುನಂಬಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸಿದ. ಕುನಂಬಿಗೆ ಕೆನ್ನೆಗಳಿದ್ದವು.

ವಾಪಸು ಬರುವಾಗ ಅಂಗಡಿಯ ಮುಂದೆ ಅನಾಸಿಯಾ ಹಿಡಿದುಕೊಂಡಳು. "ಏನಯ್ಯಾ ಪಾರೆಯವನೇ, ಒಂದೊಂದು ಕೆನ್ನೆಗೂ ಒಂದೊಂದು ಸೇರು ಹುರುಳಿ ಹಿಡಿಸುತ್ತಲ್ಲೋ. ನಂಗೂ ಗೋದಾಮು ಬೇಕಾಗಿತ್ತು, ಬಾಡಿಗೆಗೆ ಕೊಡ್ತೀಯಾ?"

"ಚಗ್ಗಾದವಳಿಗೆ ಗೋದಾಮು ಕೊಟ್ರೆ ಮುಗೀತು," ಎಂದ ಸೆಂಕೊರೊ. "ನಾಳೆ ಬೆಳಿಗ್ಗೆ ನನ್ನ ತಲೆ ಮೇಲೆ ನಿನ್ನ ಅಂಗಡಿ ಬೋರ್ಡು ಇರುತ್ತೆ."

ಕಟ್ಟಳೆ ನಡೆಯಿತು, ಇಬ್ಬರೂ ನಕ್ಕರು. ಆದರೆ ಮನೆಗೆ ಬಂದ ಸೆಂಕೊರೊ ಕನ್ನಡಿ ಮುಂದೆ ನಿಂತು ಬಾಯಿ ಉಬ್ಬಿಸಿ ನೋಡಿಕೊಂಡ. ಗಾಳಿ ತುಂಬಿದರೆ ಅವನು ಅವನೇ, ಗಾಳಿ ಬಿಟ್ಟರೆ ತಾತ. ತೊಂದರೆ ಎಲ್ಲಿದೆ ಎಂಬುದು ಸ್ಪಷ್ಟವಾಗಿತ್ತು. ಆಯುಷ್ಯವೆಲ್ಲ ನೀರಿನ ಇಲಾಖೆಯಲ್ಲಿ ಕಳೆದವನಿಗೆ ಖಾಲಿಯಾದದ್ದನ್ನು ತುಂಬಿಸಬಹುದು ಎಂಬುದರಲ್ಲಿ ಅನುಮಾನವಿರಲಿಲ್ಲ.

ದಾರ್ ಎಸ್ ಸಲಾಮಿನಲ್ಲಿ ಏನು ಬೇಕಾದರೂ ತುಂಬಿಸಿಕೊಡುತ್ತಾರೆ. ಪಿಂಚಣಿ ಕಚೇರಿಗೆ ಹೋಗಿ ಬರುತ್ತೇನೆ ಎಂದು ಬೀದಿಗೆ ಸಾರಿ ಸೆಂಕೊರೊ ಬಸ್ಸು ಹತ್ತಿದ. ಬೀದಿ ಕೇಳಿರಲಿಲ್ಲ, ಅವನೇ ಹೇಳಿದ. ಹುಡುಕಿಕೊಂಡು ಹೋದ ಜಾಗದಲ್ಲಿ ಕೆಳಗೆ ಹೆಂಗಸರಿಗೆ ಜಡೆ ಹೆಣೆಯುತ್ತಿದ್ದರು, ಮೇಲಿನ ಕೋಣೆಯಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಮುಖಕ್ಕೆ ಸೂಜಿ ಹಾಕುತ್ತಿದ್ದಳು. ಅವಳು ಡಾಕ್ಟರೇ ಎಂದು ಅವನು ಕೇಳಲಿಲ್ಲ. ಹುಡುಗಿಗೆ ಎಷ್ಟು ವಯಸ್ಸು ಎಂದು ಅವಳೇ ಕೇಳಿದಳು.

"ಯಾವ ಹುಡುಗಿ?"

"ಮದುವೆ ಆಗ್ತಿರೋ ಹುಡುಗಿ. ನಿಮ್ಮ ವಯಸ್ಸಿನೋರು ಇಲ್ಲಿಗೆ ಬರೋದು ಅದಕ್ಕೇ ತಾನೇ?"

"ಹುಡುಗಿ ಇಲ್ಲಮ್ಮ," ಎಂದ ಸೆಂಕೊರೊ. "ಸಮಿತಿ ಇದೆ."

ಅವಳು ಆ ಸಮಿತಿಯ ಬಗ್ಗೆ ಹೆಚ್ಚು ವಿಚಾರಿಸದೆ ಎರಡು ಕೆನ್ನೆಗೂ ಚುಚ್ಚಿದಳು, ಉಳಿದದ್ದನ್ನು ಹಾಳುಮಾಡುವುದೇಕೆ ಎಂದು ತುಟಿಯ ಪಕ್ಕಕ್ಕೂ ಒಂದು ಚುಚ್ಚಿದಳು. ಸ್ವಲ್ಪ ಊದಿದ ಹಾಗೆ ಕಾಣಬಹುದು, ಹೆದರಬೇಡಿ ಎಂದಳು. ಸೆಂಕೊರೊ ಹೆದರಲಿಲ್ಲ. ಊದಲಿ ಎಂದೇ ಅವನು ಬಂದಿದ್ದು.

ಬಸ್ಸು ಅರ್ಧ ದಾರಿ ಬರುವಷ್ಟರಲ್ಲಿ ಅವನ ಮುಖ ಒಲೆಯ ಪಕ್ಕದಲ್ಲಿಟ್ಟ ಹಿಟ್ಟಿನ ಹಾಗೆ ಏಳತೊಡಗಿತು. ಪಕ್ಕದಲ್ಲಿ ಕೂತಿದ್ದವನು ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ, ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ. ಮೊರೊಗೊರೊ ಬಸ್ ನಿಲ್ದಾಣದಲ್ಲಿ ಇಳಿದಾಗ ಬಲಗಣ್ಣು ಪೂರಾ ಮುಚ್ಚಿತ್ತು, ತುಟಿ ಒಂದು ಕಡೆ ಜೋತುಬಿದ್ದಿತ್ತು, ಕಣ್ಣುಗಳ ಕೆಳಗೆ ಬದನೆಕಾಯಿ ಬಣ್ಣ ಬಂದಿತ್ತು. ಚುಚ್ಚಿದ ಮೂರು ಕಡೆಯೂ ರಕ್ತ ಹೆಪ್ಪುಗಟ್ಟಿತ್ತು. ಅವನ ಗ್ರಹಚಾರಕ್ಕೆ ಕುನಂಬಿ ಮದುವೆಗೆ ಅಕ್ಕಿ ಮೂಟೆ ಇಳಿಸಿಕೊಳ್ಳಲು ಅಲ್ಲಿಗೇ ಬಂದಿದ್ದ. ಅಂಗಿಯಿಂದ ಗುರುತು ಹಿಡಿದು ಓಡಿಬಂದ.

"ಯಾರಪ್ಪಾ ಹೊಡೆದೋರು?"

"ಯಾರೂ ಇಲ್ಲ," ಎಂದ ಸೆಂಕೊರೊ.

ಕುನಂಬಿ ಹತ್ತು ಮನೆಗಳ ನ್ಯಾಯ ನೋಡಿದವನು. ಒಬ್ಬನೇ ಹೊಡೆದಿದ್ದರೆ ಹೆಸರು ಹೇಳುತ್ತಿದ್ದ, ಯಾರೂ ಇಲ್ಲ ಎನ್ನುತ್ತಾನೆಂದರೆ ಹೊಡೆದವರು ಬಹಳ ಜನ ಇರಬೇಕು ಎಂದು ಅಲ್ಲೇ ತೀರ್ಮಾನಿಸಿದ. ಸೆಂಕೊರೊ ಮನೆ ಸೇರುವಷ್ಟರಲ್ಲಿ ಹೊಡೆದವರು ಮೂವರಾಗಿದ್ದರು. ಅವನು ಮುಖ ತೊಳೆದು ಬರುವಷ್ಟರಲ್ಲಿ ಐವರಾದರು, ಅದರಲ್ಲಿ ಇಬ್ಬರ ಹಲ್ಲನ್ನು ಸೆಂಕೊರೊ ಉದುರಿಸಿಯೂ ಇದ್ದ.

ಅವನು ನಿಜ ಹೇಳಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದದ್ದೂ ಹೌದು. ಆದರೆ ಅಷ್ಟರಲ್ಲಿ ಜನ ಬರತೊಡಗಿದ್ದರು. ನಮ್ಮಲ್ಲಿ ಮದುವೆಗೆ ಹೋಗದವನನ್ನು ಕ್ಷಮಿಸುತ್ತಾರೆ, ರೋಗಿಯನ್ನು ನೋಡಲು ಹೋಗದವನನ್ನು ಕ್ಷಮಿಸುವುದಿಲ್ಲ. ಒಬ್ಬರು ಕಿತ್ತಳೆ ತಂದರು, ಒಬ್ಬರು ಸಕ್ಕರೆ ತಂದರು, ಒಬ್ಬಳು ಬಿಸಿ ಗಂಜಿ ತಂದಳು. ಬಂದವರೆಲ್ಲ "ಪೋಲೆ, ಸೆಂಕೊರೊ, ಪೋಲೆ ಸಾನಾ" ಎಂದು ಮರುಗುತ್ತಾ ಅವನ ಮುಖವನ್ನೇ ನೋಡುತ್ತಾ ಕೂತರು. ಮನೆಯಲ್ಲಿದ್ದದ್ದು ಎರಡು ಕುರ್ಚಿ. ಅದರಲ್ಲೊಂದರ ಮೇಲೆ ಎರಡು ವರ್ಷದಿಂದ ಯಾರೂ ಕೂತಿರಲಿಲ್ಲ. ಕುನಂಬಿ ತನ್ನ ಮನೆಯಿಂದ ಕುರ್ಚಿಗಳನ್ನು ಹೊರಿಸಿ ತಂದ. ಆಸ್ಪತ್ರೆಗೆ ನಡಿ ಎಂದು ಎಲ್ಲರೂ ಹೇಳಿದರು, ಸೆಂಕೊರೊ ಒಲ್ಲೆನೆಂದ, ಪಾರೆಯವನಲ್ಲವೇ, ಆಸ್ಪತ್ರೆಗೆಂದು ದುಡ್ಡು ಬಿಚ್ಚುವ ಕೈ ಅದಲ್ಲ ಎಂದು ಎಲ್ಲರೂ ಒಪ್ಪಿಕೊಂಡರು. ಯಾರೋ ಊಟ ಆಯಿತಾ ಎಂದು ಕೇಳಿದರು. ಆ ಪ್ರಶ್ನೆ ಕೇಳಿ ಅವನ ತೆರೆದಿದ್ದ ಒಂದು ಕಣ್ಣಿನಲ್ಲಿ ನೀರು ಬಂತು. ನೋವಿರಬೇಕು ಎಂದುಕೊಂಡು ಜನ ಇನ್ನೂ ಹತ್ತಿರ ಸರಿದು ಕೂತರು.

ಹೇಗೂ ಎಲ್ಲರೂ ಅಲ್ಲೇ ಇರುತ್ತಾರೆಂದು ಮದುವೆ ಸಮಿತಿಯ ಸಭೆಯೂ ಅವನ ಮನೆಯಲ್ಲೇ ನಡೆಯತೊಡಗಿತು. ತಾತ ಎಂದಿದ್ದ ಗೆಳೆಯನೇ ಎದ್ದುನಿಂತು, ಐವರು ಕಳ್ಳರನ್ನು ಎದುರಿಸಿದವರು ನಮ್ಮ ನಡುವೆ ಇರುವಾಗ ಮದುವೆಯ ಭದ್ರತೆಗೆ ಬೇರೆ ಯಾರನ್ನು ಹುಡುಕಬೇಕು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ಸೆಂಕೊರೊ ಭದ್ರತಾ ವಿಭಾಗದ ಅಧ್ಯಕ್ಷನಾದ. ಸೋಡಾಕ್ಕಿಂತ ಇದು ದೊಡ್ಡದು. ಅವತ್ತು ಮಲಗುವ ಮುಂಚೆ ಅವನು ಮಂಡಿಯೂರಿ, ದೇವರೇ, ಇನ್ನೊಂದಷ್ಟು ದಿನ ಈ ಊತ ಇಳಿಯದಿರಲಿ ಎಂದು ಬೇಡಿಕೊಂಡ. ದೇವರಿಗೂ ಇಂಥ ಪ್ರಾರ್ಥನೆ ಹೊಸದಿರಬೇಕು.

ಮರುದಿನ ಅನಾಸಿಯಾ ಅಂಗಡಿ ಮುಚ್ಚಿ ಬಂದಳು. ಬಾಳೆಕಾಯಿಯನ್ನೂ ಮಾಂಸವನ್ನೂ ಅರೆದು ಕುದಿಸಿದ ಗಂಜಿಯ ಪಾತ್ರೆಯನ್ನು ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು, ರೋಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಜನರೆಲ್ಲ ಆಸೆಯಿಂದ ಮುಂದಕ್ಕೆ ಬಗ್ಗಿದರು. ಉತಾನಿಯವಳು ಬಾಯಿ ತೆರೆಯದೆ ರೋಗಿಯ ಮನೆಗೆ ಕಳೆಯೇ ಬರುವುದಿಲ್ಲ.

"ಎದ್ದು ಮನೆಗೆ ಹೋಗ್ರೀ ಎಲ್ಲಾ," ಎಂದಳು ಅನಾಸಿಯಾ. "ಇವನನ್ನ ಯಾವ ಕಳ್ಳನೂ ಮುಟ್ಟಿಲ್ಲ. ಪಾರೆಯವನ ಜೇಬಲ್ಲಿ ತೂತು ಬಿಟ್ರೆ ಏನೂ ಸಿಗಲ್ಲ ಅಂತ ಕಳ್ಳರಿಗೆ ಗೊತ್ತಿಲ್ವಾ? ದಾರ್‌ಗೆ ಹೋಗಿ ಯಾವಳ ಕೈಲೋ ಕೆನ್ನೆಗೆ ಸೂಜಿ ಹಾಕಿಸ್ಕೊಂಡು ಬಂದವ್ನೆ. ಮುದಿ ಹೋತಕ್ಕೆ ಮತ್ತೆ ಮರಿಯಾಗೋ ಆಸೆ."

ಮನೆಯ ಮಾಡು ಹಾರಿಹೋಗುವಂತೆ ಜನ ನಕ್ಕರು. ಕುನಂಬಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಗು ತಗ್ಗಿದ ಮೇಲೆ ಎಲ್ಲರೂ ಸೆಂಕೊರೊನ ಕಡೆ ತಿರುಗಿದರು, ಈಗ ಅವನ ಸರದಿ. ನಲವತ್ತು ವರ್ಷದಲ್ಲಿ ಅವನು ಚಗ್ಗಾ ಬಾಯಿಗೆ ಸೋತದ್ದಿಲ್ಲ. ಇವತ್ತು ಮಾತ್ರ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಒಂದು ಅಕ್ಷರವೂ ಹೊರಡಲಿಲ್ಲ. ಪಾಪ, ತುಟಿ ನೋಯುತ್ತಿದೆ ಎಂದು ಯಾರೋ ಲೊಚಗುಟ್ಟಿದರು.

ಅನಾಸಿಯಾ ಸುಮ್ಮನೆ ಕತ್ತಲಲ್ಲಿ ಕಲ್ಲು ಬೀಸಿದ್ದಳು, ಅಷ್ಟೆ. ಅವನು ತಿರುಗಿ ಬೈಯಲಿಲ್ಲ ಎಂದಾಗ ಅವಳ ನಗು ಅರ್ಧಕ್ಕೇ ನಿಂತಿತು. ಬಗ್ಗಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಎಡಗೆನ್ನೆಯಲ್ಲಿ ಎಲ್ಲಿ ಗಾಯದ ಚುಕ್ಕಿಯಿತ್ತೋ ಬಲಗೆನ್ನೆಯಲ್ಲೂ ಸರಿಯಾಗಿ ಅಲ್ಲೇ ಇತ್ತು. ಅಳತೆ ಹಿಡಿದು ಹೊಡೆಯುವ ಕಳ್ಳರು ಎಲ್ಲೂ ಇಲ್ಲ. ಅವಳು ಇನ್ನೊಂದು ಮಾತಾಡದೆ ಬಟ್ಟಲಿಗೆ ಗಂಜಿ ಬಡಿಸಿ ಅವನ ಕೈಗೆ ಕೊಟ್ಟು ಹೊರಟುಹೋದಳು.

ಆಮೇಲೆ ಬಂದವಳು ಸಾಮೆ ಊರಿನಲ್ಲಿದ್ದ ಸೆಂಕೊರೊನ ಅಕ್ಕ ನವೋನೆ. ತಮ್ಮನ ಹೆಂಡತಿ ಸತ್ತ ಮೇಲೆ ಅವಳು ಈ ಕಡೆ ತಲೆ ಹಾಕಿರಲಿಲ್ಲ, ಆದರೆ ಹೊಡೆದಾಟ ಎಂದರೆ ಮೊಕದ್ದಮೆ, ಮೊಕದ್ದಮೆ ಎಂದರೆ ನವೋನೆಗೆ ಹಬ್ಬ. ಬಂದವಳೇ ಗಿಡಮೂಲಿಕೆ ಅರೆದು ತಮ್ಮನ ಮುಖಕ್ಕೆ ಮೆತ್ತಿದಳು, ಒಂದು ಕೈಯಲ್ಲಿ ಮೆತ್ತುತ್ತಾ ಇನ್ನೊಂದು ಕೈಯನ್ನು ಬಾಲೋಜಿಯ ಮುಖದ ಮುಂದೆ ಆಡಿಸುತ್ತಾ, ಆರೋಪಿ ಎಲ್ಲಿ ಎಂದು ಕೇಳಿದಳು. ನಿಮ್ಮ ಹತ್ತು ಮನೆಯೊಳಗೆ ಕಳ್ಳನನ್ನು ಹಿಡಿಯಲಾಗದಿದ್ದರೆ ಹನ್ನೊಂದನೆಯ ಮನೆಯವರು ಬಂದು ಹಿಡಿಯುತ್ತಾರೆಯೇ ಎಂದಳು. ಕುನಂಬಿಯ ರಾಯಭಾರಕ್ಕೆ ಇಂಥ ಅವಮಾನ ಎಂದೂ ಆಗಿರಲಿಲ್ಲ. ಅವನು ಸಂಜೆಯೊಳಗೆ ಆರೋಪಿಯೊಬ್ಬನನ್ನು ಹಿಡಿದು ತಂದ.

ಆರೋಪಿಯ ಹೆಸರು ಶಿಜಾ. ಬಾಚಣಿಗೆ, ಕನ್ನಡಿ, ಮೊಬೈಲಿನ ಕವರು ಕುತ್ತಿಗೆಗೆ ನೇತುಹಾಕಿಕೊಂಡು ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದ ಸಣಕಲ. ಅವತ್ತು ಸೆಂಕೊರೊ ಬಸ್ಸಿಳಿದಾಗ ಅವನ ಮುಖ ನೋಡಿ ಶಿಜಾ ನಕ್ಕಿದ್ದನಂತೆ, ಅದನ್ನು ಕಂಡವರಿದ್ದಾರೆ. ಕಳ್ಳನಲ್ಲದಿದ್ದರೆ ನಗುವುದೇಕೆ? ಕುನಂಬಿಯ ಜಗುಲಿಯ ಮೇಲೆ ಅವನನ್ನು ಕೂರಿಸಿದ್ದರು. ಮೊದಲು ಸುಮ್ಮನೆ ನೋಡಲು ಬಂದವರ ಕೈಗೆ ನಿಧಾನವಾಗಿ ಕೋಲುಗಳು ಬರತೊಡಗಿದ್ದವು. ಶಿಜಾನ ಎದೆಯ ಮೇಲಿನ ಕನ್ನಡಿಗಳು ಅವನ ನಡುಕಕ್ಕೆ ಕಿಣಿಕಿಣಿ ಎನ್ನುತ್ತಿದ್ದವು. ಸೆಂಕೊರೊನನ್ನು ಕರೆತಂದು ಮುಂದೆ ನಿಲ್ಲಿಸಿದರು.

"ಇವನೇ ತಾನೇ?" ಎಂದ ಕುನಂಬಿ.

ಸೆಂಕೊರೊ ಸುತ್ತ ನೋಡಿದ. ಎಲ್ಲರೂ ಇದ್ದರು. ಅವನ ಮನೆಯಲ್ಲಿ ಕೂತು ಗಂಜಿ ಕುಡಿಸಿದವರು, ಅಧ್ಯಕ್ಷರೇ ಎಂದು ಕರೆದವರು, ಎರಡು ವರ್ಷದ ಮೇಲೆ ಬಂದ ಅಕ್ಕ. ಹಿಂದುಗಡೆ ಬೇವಿನ ಮರದ ಕೆಳಗೆ ಅನಾಸಿಯಾ ಇದ್ದಳು. ಈಗ ಬಾಯಿ ಬಿಟ್ಟರೆ ಇವರೆಲ್ಲ ನಕ್ಕು ಎದ್ದುಹೋಗುತ್ತಾರೆ, ಆ ಎರಡನೆಯ ಕುರ್ಚಿ ಮತ್ತೆ ಖಾಲಿಯಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ.

"ಇವನಲ್ಲ. ಯಾರೂ ಅಲ್ಲ. ದಾರ್‌ನಲ್ಲಿ ಒಬ್ಬ ಹೆಂಗಸು ಕೆನ್ನೆಗೆ ಸೂಜಿ ಹಾಕಿದ್ಲು. ಕೆನ್ನೆ ತುಂಬಲಿ ಅಂತ ನಾನೇ ಹಾಕಿಸ್ಕೊಂಡೆ. ಅನಾಸಿಯಾ ಅವತ್ತು ಹೇಳಿದ್ದು ನಿಜ."

ಸೆಂಕೊರೊ ಕಣ್ಣು ಮುಚ್ಚಿಕೊಂಡ. ಆಮೇಲೆ ಕುನಂಬಿಯ ಹೊಟ್ಟೆಯೊಳಗಿನಿಂದ ನಗು ಗುಡುಗುಡು ಎಂದು ಮೇಲೆ ಬಂತು, ಹಿಂದೆಯೇ ಇಡೀ ಅಂಗಳ ನಕ್ಕಿತು. ಹಿಡಿದಿದ್ದ ಕೋಲುಗಳನ್ನೇ ಊರಿಕೊಂಡು ನಕ್ಕರು. ಉತಾನಿಯವಳ ಮಾತನ್ನು ಸಾಕ್ಷಿಗೆ ತಂದವನನ್ನು ಮೊರೊಗೊರೊ ಇದುವರೆಗೆ ಕಂಡಿರಲಿಲ್ಲ. ಸೆಂಕೊರೊ ಇನ್ನೊಂದು ಸಲ ಹೇಳಿದ, ಆಣೆ ಇಟ್ಟು ಹೇಳಿದ, ಚುಚ್ಚಿದ ಜಾಗ ತೋರಿಸಿದ. ಹೇಳಿದಷ್ಟೂ ನಗು ಜಾಸ್ತಿಯಾಯಿತು. ಕೊನೆಗೆ ಕುನಂಬಿ ಎದ್ದುನಿಂತು ಕೈಯೆತ್ತಿದ.

"ನೋಡ್ರಪ್ಪಾ, ಇದು ಮನುಷ್ಯತ್ವ ಅಂದ್ರೆ. ಹೊಡೆಸಿಕೊಂಡವನೇ ಹೊಡೆದವನನ್ನ ಉಳಿಸೋಕೆ ತನ್ನ ಮಾನ ತಾನೇ ಕಳ್ಕೊಳ್ತಾ ಇದ್ದಾನೆ. ಗಂಡಸಾದವನು ಬಾಯಲ್ಲಿ ಹೇಳೋ ಮಾತಾ ಇದು? ಈ ಹುಡುಗನ್ನ ಬಿಟ್ಟುಬಿಡಿ."

ಶಿಜಾನನ್ನು ಬಿಟ್ಟರು. ತಾನು ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದ್ದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಸೆಂಕೊರೊನ ಕೈ ಹಿಡಿದು ಒಂದು ಕೈಗನ್ನಡಿಯನ್ನು ಕಾಣಿಕೆ ಕೊಟ್ಟು ಹೋದ. ನಮ್ಮಪ್ಪನೂ ಹೀಗೇ ಇದ್ದ, ಅದಕ್ಕೇ ಜಮೀನೆಲ್ಲ ಹೋಯಿತು ಎಂದು ನವೋನೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮರುದಿನವೇ ಊರಿಗೆ ಹೊರಟಳು. ಅಂಗಳದಲ್ಲಿ ನಗದೆ ಇದ್ದವಳು ಅನಾಸಿಯಾ ಒಬ್ಬಳೇ. ಅವಳು ಯಾವಾಗ ಎದ್ದುಹೋದಳೆಂದು ಸೆಂಕೊರೊಗೆ ಗೊತ್ತಾಗಲಿಲ್ಲ.

ಆಮೇಲೆ ಊತ ಇಳಿಯತೊಡಗಿತು. ಸೆಂಕೊರೊ ಶಿಜಾ ಕೊಟ್ಟ ಕನ್ನಡಿಯಲ್ಲಿ ದಿನಾ ನೋಡಿಕೊಂಡ. ಮೊದಲು ತುಟಿ ನೆಟ್ಟಗಾಯಿತು, ಗಂಜಿ ತರುವವಳು ನಿಂತಳು. ಕಣ್ಣು ತೆರೆಯಿತು, ಕಿತ್ತಳೆ ನಿಂತಿತು. ಬದನೆಕಾಯಿ ಬಣ್ಣ ಹಳದಿಯಾಗಿ, ಹಳದಿ ಮಾಸಿಹೋಯಿತು. ಗುಣವಾಯಿತಲ್ಲ, ದೇವರು ದೊಡ್ಡವನು ಎಂದು ಬೀದಿಯಲ್ಲಿ ಹೇಳಿ ಜನ ತಮ್ಮ ಪಾಡಿಗೆ ತಾವು ಹೋದರು. ಅವರದೇನೂ ತಪ್ಪಿಲ್ಲ, ಗುಣವಾದವನ ಮನೆಯಲ್ಲಿ ಕೂತು ಮಾಡುವುದೇನು? ಸೆಂಕೊರೊ ಕೈಲಾದದ್ದನ್ನು ಮಾಡಿದ. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಓಡಾಡಿದ. ಸ್ವಲ್ಪ ದಿನ ಕುಂಟಿದ ಕೂಡ. ಏಟು ಮುಖಕ್ಕೆ ಬಿದ್ದಿತ್ತಲ್ಲ, ಕಾಲಿಗೇನಾಯಿತು ಎಂದು ಯಾರಾದರೂ ಕೇಳಲಿ ಎಂದು ಕಾದ. ಯಾರೂ ಕೇಳಲಿಲ್ಲ. ಕುನಂಬಿ ಆಳು ಕಳಿಸಿ ಕುರ್ಚಿಗಳನ್ನು ವಾಪಸು ತರಿಸಿಕೊಂಡ. ಸಮಿತಿಯೂ ಕುನಂಬಿಯ ಮನೆಗೇ ಮರಳಿತು. ತುಂಬಿಸಿದ್ದೆಲ್ಲ ಎಲ್ಲಿ ಸೋರಿಹೋಯಿತೋ, ಕೆನ್ನೆಗಳು ಮೊದಲಿಗಿಂತ ಒಂದು ಬೆರಳು ಹೆಚ್ಚೇ ಒಳಕ್ಕೆ ಹೋದಂತಿದ್ದವು.

ಅದೆಲ್ಲವನ್ನೂ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ನುಂಗಲಾಗದ್ದು ಅಂಗಡಿಯಲ್ಲಿತ್ತು. ಅವನು ಬ್ರೆಡ್ಡಿಗೆ ಹೋದರೆ ಅನಾಸಿಯಾ ಎದ್ದುನಿಂತು, "ಬನ್ನಿ ಸೆಂಕೊರೊ ಅವರೇ, ಏನು ಕೊಡ್ಲಿ?" ಎನ್ನುತ್ತಿದ್ದಳು. ನಲವತ್ತು ವರ್ಷದಲ್ಲಿ ಅವಳು ಅವನಿಗೆ ಬನ್ನಿ ಎಂದದ್ದಿಲ್ಲ. ಮೊದಲ ಸಲ ಇದೂ ತಮಾಷೆಯ ಒಂದು ಬಗೆ ಎಂದುಕೊಂಡ. ಎರಡನೆಯ ಸಲ ಅವಳಿಗೆ ಅನುಕೂಲವಾಗಲೆಂದು ತಾನೇ ಮಾತು ಎತ್ತಿಕೊಟ್ಟ, ಕೆನ್ನೆ ಮತ್ತೆ ಒಳಗೆ ಹೋಗಿದೆ ನೋಡು ಎಂದ. ಅದಕ್ಕಿಂತ ಸುಲಭದ ಅವಕಾಶವನ್ನು ಯಾವ ಪಾರೆಯವನೂ ಯಾವ ಚಗ್ಗಾದವಳಿಗೂ ಕೊಟ್ಟಿರಲಾರ. "ದೇವರು ನಿಮಗೆ ಆರೋಗ್ಯ ಕೊಡಲಿ," ಎಂದು ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಟ್ಟಳು. ಸೆಂಕೊರೊ ಆ ಬ್ರೆಡ್ಡನ್ನು ಹಿಡಿದುಕೊಂಡು ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದ. ದಾರ್ ಬಸ್ಸು ತುಂಬಿ ಹೊರಡುವವರೆಗೂ ಅದರ ಬಾಗಿಲ ಬಳಿ ನಿಂತಿದ್ದ. ಹತ್ತುತ್ತೀರಾ ತಾತ ಎಂದು ಕಂಡಕ್ಟರು ಕೇಳಿದಾಗ ಇಲ್ಲವೆಂದು ಮನೆಗೆ ಬಂದ. ಮುಖ ಊದಿದರೆ ಜನ ಬರಬಹುದು, ಅನಾಸಿಯಾ ಬೈಯುವುದಿಲ್ಲ.

ಮದುವೆಯ ದಿನ ಬಂತು. ಕುನಂಬಿಯ ಹಿತ್ತಿಲಲ್ಲಿ ಶಾಮಿಯಾನ ಹಾಕಿದ್ದರು, ಮಧ್ಯಾಹ್ನದಿಂದಲೇ ಹಾಡು ಶುರುವಾಗಿತ್ತು. ಸಮಿತಿ ಸೆಂಕೊರೊನನ್ನು ಮರೆತಿರಲಿಲ್ಲ. ಭದ್ರತಾ ವಿಭಾಗದ ಅಧ್ಯಕ್ಷ ಎಂದು ಬರೆದ ಪಟ್ಟಿಯನ್ನು ಎದೆಗೆ ಚುಚ್ಚಿ, ಒಂದು ಸೀಟಿ ಕೊಟ್ಟು, ಗೇಟಿನ ಹೊರಗೆ ನಿಲ್ಲಿಸಿದರು. ಭದ್ರತೆ ಎಂದರೆ ಹೊರಗೇ ಇರಬೇಕಾದದ್ದು ಎಂಬುದು ಅಧ್ಯಕ್ಷರಿಗೆ ಆಗ ಹೊಳೆಯಿತು. ಒಳಗೆ ಸಮಿತಿಯವರೆಲ್ಲ ಒಂದೇ ಬಣ್ಣದ ಬಟ್ಟೆಯಲ್ಲಿ ಸಾಲಾಗಿ ಕುಣಿಯುತ್ತಾ ಉಡುಗೊರೆ ಹೊತ್ತು ಹೋದರು. ಚಪ್ಪಾಳೆ ಕೇಳಿಸಿತು. ಕಾಯಿಲೆ ಬಿದ್ದಾಗ ಯಾರು ಯಾರು ಎಲ್ಲಿ ಕೂತಿದ್ದರು ಎಂದು ನೆನಪಿಸಿಕೊಳ್ಳುತ್ತಾ ಸೆಂಕೊರೊ ಬೇಲಿಗೆ ಒರಗಿ ನಿಂತ. ಬಂದ ಕಳ್ಳನೆಂದರೆ ಒಂದು ಮೇಕೆ. ಅದಕ್ಕೆ ಸೀಟಿ ಊದಿದ, ಅದು ಹೋಯಿತು. ಹೋಗದಿದ್ದರೂ ಅವನು ಬೇಸರಪಡುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅನಾಸಿಯಾ ಒಂದು ತಟ್ಟೆ ಪಲಾವು ಹಿಡಿದುಕೊಂಡು ಗೇಟಿನ ಹೊರಗೆ ಬಂದಳು. "ನೀವು ಊಟ ಮಾಡಿಲ್ಲ ಅಂತ ಕಾಣುತ್ತೆ," ಎಂದು ತಟ್ಟೆಯನ್ನು ಸೋಡಾ ಪೆಟ್ಟಿಗೆಯ ಮೇಲಿಟ್ಟು ತಿರುಗಿದಳು.

"ನಿಲ್ಲು," ಎಂದ ಸೆಂಕೊರೊ. "ಅವತ್ತಿನದು ಒಂದು ಬಾಕಿ ಇದೆ. ಮುದಿ ಹೋತ ಅಂದ್ಯಲ್ಲ. ಹೋತಕ್ಕಾದ್ರೂ ಗಡ್ಡ ಇರುತ್ತೆ. ಗಡ್ಡ ಮಾರಿದ್ರೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಬೋಳಿಸಿಬಿಡೋ ಜನ ನಿಮ್ಮದು."

ಅಂಥ ಒಳ್ಳೆಯ ಬೈಗುಳವೇನಲ್ಲ. ಬಹಳ ದಿನ ಬಾಯಲ್ಲೇ ಇದ್ದು ಸಪ್ಪೆಯಾಗಿತ್ತು. ಅನಾಸಿಯಾ ನಗಲಿಲ್ಲ, ಬೆನ್ನು ತಿರುಗಿಸಿಯೇ ನಿಂತಿದ್ದಳು.

"ನನ್ನ ಮಾತಿಗೆ ಹೋಗಿ ಮುಖಕ್ಕೆ ಸೂಜಿ ಚುಚ್ಚಿಸ್ಕೊಂಡ್ಯಲ್ಲ," ಎಂದಳು ಕೊನೆಗೆ. "ಗೋದಾಮು ಅಂದಿದ್ದು ತಮಾಷೆಗೆ. ಉತಾನಿ ಮಾತನ್ನ ಯಾರಾದ್ರೂ ಮನಸ್ಸಿಗೆ ಹಚ್ಕೋತಾರಾ? ಆ ಕಣ್ಣು ಹೋಗಿದ್ರೆ ನಕಿಯೆತೆಗೆ ನಾನೇನು ಹೇಳ್ಬೇಕಾಗಿತ್ತು?"

"ನಿನ್ನ ಮಾತಿಗಲ್ಲ," ಎಂದ ಸೆಂಕೊರೊ. "ಬೇರೆ ಯಾರೂ ಮಾತೇ ಆಡ್ಲಿಲ್ಲ, ಅದಕ್ಕೆ."

ಒಳಗೆ ಹಾಡು ಬದಲಾಯಿತು. ಅನಾಸಿಯಾ ಇನ್ನೊಂದು ಸೋಡಾ ಪೆಟ್ಟಿಗೆಯನ್ನು ಕಾಲಿನಿಂದ ಎಳೆದುಕೊಂಡು ಅವನೆದುರು ಕೂತಳು. ಅವನ ಕೆನ್ನೆಗಳನ್ನು ಒಂದಾದ ಮೇಲೊಂದು ಚೆನ್ನಾಗಿ ನೋಡಿದಳು. ಆಮೇಲೆ ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು.

"ಪೆದ್ದ ಪಾರೆಯವನೇ, ಕೆನ್ನೆ ತುಂಬೋಕೆ ಅನ್ನ ಅಂತ ಒಂದು ಔಷಧಿ ಇದೆ. ಬಾಯಿಂದ ಹಾಕ್ತಾರೆ, ಸೂಜಿ ಬೇಡ. ಬಿಟ್ಟಿ ಅಂದ್ರೆ ಸಾಕು ನಿಮ್ಮವರಿಗೆ, ತಟ್ಟೇನೂ ತಿಂದುಬಿಡ್ತೀಯ. ತಟ್ಟೆ ಕುನಂಬಿದು, ವಾಪಸ್ ಕೊಡ್ಬೇಕು."

ಸೆಂಕೊರೊ ತಿನ್ನತೊಡಗಿದ. ಮಾಂಸದ ತುಂಡುಗಳನ್ನೆಲ್ಲ ಆರಿಸಿ ಮೇಲಕ್ಕೆ ಹಾಕಿದ್ದಳು. ಬಾಯಿ ತುಂಬಿದ್ದರಿಂದ ತಿರುಗಿ ಬೈಯಲು ಸ್ವಲ್ಪ ತಡವಾಯಿತು, ನುಂಗಿದ ಮೇಲೆ ಬೈಗುಳದ ಬದಲು ಬೇರೆಯೇ ಮಾತು ಬಂತು.

"ನಾಳೇನೂ ಬೈತೀಯಾ?"

ಅನಾಸಿಯಾ ಗೇಟಿನ ಕಡೆ ನೋಡಿದಳು. ಒಳಗೆ ಎಲ್ಲರೂ ಕುಣಿಯುತ್ತಿದ್ದರು. ಅವಳನ್ನು ಯಾರೂ ಹುಡುಕುತ್ತಿರಲಿಲ್ಲ.

"ಬೈಯೋಕೆ ನಂಗಾದ್ರೂ ಇನ್ಯಾರಿದಾರೆ," ಎಂದಳು.